ಕುದುರೆಗೆ ಹಾಕದ ಗಂಟು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಸೀಮೆ ಸೇರಿ ಹನ್ನೊಂದು ಮೋಟಾರ್ ಸೈಕಲ್ ಓಡಾಡುತ್ತವೆ. ಹನ್ನೊಂದರ ಮೇಲೆ ಹನ್ನೊಂದು ತಲೆಗಳೂ ಇವೆ. ಆ ತಲೆಗಳ ಒಳಗೆ ಏನಿದೆ ಎಂದು ನಾನು ಪತ್ರಿಕೆಯಲ್ಲಿ ಬಹಿರಂಗವಾಗಿ ಕೇಳಿದ್ದೆ. ಉತ್ತರ ಬಂತು. ಬಂದ ರೀತಿ ಮಾತ್ರ ನಾನು ನೆನೆಸಿದ್ದಲ್ಲ. ಹನ್ನೊಂದನೆಯ ತಲೆ ನನ್ನದು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವಾದ ಗಾಡಿಗಳನ್ನೆಲ್ಲ ಹರಾಜಿಗೆ ಹಾಕಿದರಲ್ಲ, ಅಲ್ಲಿಂದ ಶುರುವಾಯಿತು ಈ ಹುಚ್ಚು. ಅಲ್ಲಿಯವರೆಗೆ ಎತ್ತಿನ ಬಾಲ ತಿರುಚುವುದನ್ನು ಬಿಟ್ಟು ಬೇರೆ ವೇಗ ಅರಿಯದ ನಮ್ಮ ಜನ ಒಂದೇ ದಿನದಲ್ಲಿ ಗಾಳಿಗೆ ಎದೆಯೊಡ್ಡಿ ಹೊರಟರು. ತಲೆಗೆ ರುಮಾಲು, ಕಾಲಿಗೆ ಚಪ್ಪಲಿ, ನಡುವೆ ಪಟಪಟ ಹಾರುವ ಪಂಚೆ. ಪೆಟ್ರೋಲನ್ನು ಸರ್ಕಾರ ಚೀಟಿಯ ಮೇಲೆ ಕೊಡುತ್ತದೆ. ಬುದ್ಧಿಯನ್ನು ಚೀಟಿಯ ಮೇಲೂ ಕೊಡುವವರಿಲ್ಲ.

ನಾನು ನನ್ನೇಸಾಬ. ಚನ್ನಗಿರಿ ಪೇಟೆಯಲ್ಲಿ ಜಟಕಾ ಕುದುರೆಗಳಿಗೆ ಜೀನು, ಲಗಾಮು, ಕೊರಳಪಟ್ಟಿ ಹೊಲಿಯುವ ಅಂಗಡಿ ನನ್ನದು. ಶಾಲೆಯ ಮುಖ ಕಂಡವನಲ್ಲ. ಬೆಲ್ಲ ಕಟ್ಟಿಕೊಟ್ಟ ಕಾಗದ, ಅಂಗಡಿಗಳ ಬೋರ್ಡು, ಕೋರ್ಟಿನ ಗೋಡೆಗೆ ಅಂಟಿಸಿದ ನೋಟೀಸು, ಇವೇ ನನ್ನ ಮೇಷ್ಟ್ರುಗಳು. ಆದಕಾರಣ ನನ್ನ ಬರಹದಲ್ಲಿ ಸ್ವಲ್ಪ ಬೆಲ್ಲದ ಅಂಟು, ಬಹಳಷ್ಟು ಕೋರ್ಟಿನ ದನಿ. ದಾವಣಗೆರೆಯ ಒಂದು ವಾರಪತ್ರಿಕೆಯಲ್ಲಿ 'ಲಗಾಮು' ಎಂಬ ಅಂಕಣ ಬರೆಯುತ್ತೇನೆ. "ನಿಮ್ಮ ಅಕ್ಷರ ಕೆಟ್ಟದು ಸಾಬ್ರೆ, ಆದ್ರೆ ಸಿಟ್ಟು ಬಹಳ ಚೆನ್ನಾಗೈತೆ" ಎಂದು ಸಂಪಾದಕರು ಎಂಟು ವರ್ಷದಿಂದ ಜಾಗ ಕೊಟ್ಟಿದ್ದಾರೆ.

ಈ ಸಲದ ಸಿಟ್ಟಿಗೆ ಕಾರಣ ಬಿಳಿಚೋಡಿನ ಬೈಲಪ್ಪ. ಕಂಬಳಿ ವ್ಯಾಪಾರಿ. ಕಂಬಳಿಯಷ್ಟೇ ಬೆಚ್ಚಗಿನ ಮನುಷ್ಯ. ಜಗಳೂರಿನಿಂದ ಊರಿಗೆ ಹೋಗುವಾಗ ರಸ್ತೆ ಪಕ್ಕದ ಜಲ್ಲಿಗುಡ್ಡೆಗೆ ಗಾಡಿ ನುಗ್ಗಿಸಿ, ತಲೆ ಕೆಳಗಾಗಿ ಬಿದ್ದ. ಸುದ್ದಿ ಕೇಳಿ ನೋಡಲು ಹೋದೆ. ಹನ್ನೊಂದು ದಿನ ಎಚ್ಚರವಿಲ್ಲದೆ ಮಲಗಿದ್ದವನು ಅವತ್ತು ಕಣ್ಣು ಬಿಟ್ಟು ಕೂತಿದ್ದ. ಹೆಂಡತಿ ಕೆಂಪಕ್ಕ ಗಂಜಿ ಕುಡಿಸುತ್ತಿದ್ದಳು. ಒಂದು ಗುಟುಕು ನುಂಗಿ ಅವಳ ಮುಖ ನೋಡಿ, "ಯಾರ ಮನೆ ಹೆಣ್ಣುಮಗಳಮ್ಮ ನೀನು? ಪುಣ್ಯವಂತೆ" ಎಂದ.

ಕೆಂಪಕ್ಕ ಚಮಚ ಕೆಳಗಿಡಲಿಲ್ಲ. "ಆರು ಮೊಳದ ರುಮಾಲು ಸುತ್ತಿದ್ರು ಸಾಬ್ರೆ. ಬೀಳೋವಾಗ ಅದು ಒಂದು ಕಡೆ ಹೋತು, ತಲೆ ಒಂದು ಕಡೆ ಹೋತು. ರುಮಾಲಿಗೆ ಏನೂ ಆಗಿಲ್ಲ ನೋಡ್ರಿ, ಹೊಸದು ಇದ್ದಂಗೈತೆ" ಎಂದು ಗೂಟಕ್ಕೆ ತೂಗುಹಾಕಿದ್ದ ರುಮಾಲು ತೋರಿಸಿದಳು.

ಅಲ್ಲಿಂದ ಬರುವಾಗ ದಾರಿಯುದ್ದಕ್ಕೂ ಸಿಟ್ಟಿನಿಂದ ಹಲ್ಲು ಕಟಕಟ ಕಡಿಯುತ್ತಿದ್ದೆ. ಕುದುರೆಯ ಕುತ್ತಿಗೆ ಉಜ್ಜಬಾರದೆಂದು ಕೊರಳಪಟ್ಟಿಗೆ ಮೆತ್ತೆ ತುಂಬುವ ಜಾತಿ ನಾವು. ಅಂಥ ನಮ್ಮ ಕಣ್ಣೆದುರು ಮನುಷ್ಯನ ತಲೆ ಗತಿಯಿಲ್ಲದೆ ಓಡಾಡುವುದೇ?

ಆ ವಾರವೇ ಶಿರಸ್ತ್ರಾಣದ ಕೆಲಸಕ್ಕೆ ಕೈ ಹಾಕಿದೆ. (ಶಿರಸ್ತ್ರಾಣವೆಂಬುದು ನನ್ನ ಮಾತು. ನನ್ನ ಹೆಂಡತಿ ಮಜೀದಾ ಅದನ್ನು ತೊಗಲಿನ ಗಡಿಗೆ ಎನ್ನುತ್ತಾಳೆ.) ಎಮ್ಮೆ ತೊಗಲು ಎರಡು ಪದರ, ನಡುವೆ ಕುದುರೆಕೂದಲು, ಒಳಗಡೆ ಉಣ್ಣೆ. ಕಿವಿ ಮುಚ್ಚಲು ಎರಡು ರೆಕ್ಕೆ. ಗದ್ದದ ಕೆಳಗೆ ಬೈಲಪ್ಪನ ರುಮಾಲಿನ ಹಾಗೆ ಹಾರಿಹೋಗದಂತೆ ಗಟ್ಟಿ ಪಟ್ಟಿ, ಹಿತ್ತಾಳೆ ಬಕಲು. ಅದರ ಒಳಗೆ ತೆಂಗಿನಕಾಯಿ ಇಟ್ಟು ಒನಕೆಯಿಂದ ಹೊಡೆದು ಪರೀಕ್ಷೆ ಮಾಡಿದೆ. ಮೊದಲನೆಯ ಕಾಯಿ ಚೂರಾಯಿತು. ಎರಡನೆಯದು ಬಿರುಕುಬಿಟ್ಟಿತು. ಕೂದಲು ಹೆಚ್ಚು ತುಂಬಿದೆ, ರೆಕ್ಕೆ ದಪ್ಪ ಮಾಡಿದೆ. ಆರನೆಯ ಕಾಯಿ ಅಲುಗಾಡದೆ ಕೂತಿತು.

ಅಷ್ಟು ಹೊತ್ತಿಗೆ ನಮ್ಮ ಮನೆಯಲ್ಲಿ ನಾಲ್ಕು ದಿನದಿಂದ ಮೂರು ಹೊತ್ತೂ ಕಾಯಿಚಟ್ನಿ.

"ಕಾಯಿಗೆ ಬಾಯಿ ಐತೇನ್ರೀ? ನೋವಾತೋ ಇಲ್ಲೋ ಹೆಂಗೆ ಹೇಳ್ತದೆ?" ಎಂದಳು ಮಜೀದಾ. "ನೀವೇ ಹಾಕ್ಕೊಂಡು ಕೂಡ್ರಿ. ಒನಕೆ ನನ್ನ ಕೈಗೆ ಕೊಡ್ರಿ."

"ವಿಜ್ಞಾನದಲ್ಲಿ ಹಂಗೆ ಮಾಡೋದಿಲ್ಲ."

"ವಿಜ್ಞಾನಕ್ಕೆ ಹೆಂಡ್ತಿ ಇಲ್ಲ. ಅದಕ್ಕೆ."

(ಅವಳು ಬೈಯುವುದು ನಮ್ಮ ಮನೆಮಾತಿನಲ್ಲಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಖಾರ ಸ್ವಲ್ಪ ದಾರಿಯಲ್ಲಿ ಉದುರಿದೆ.)

ಅಂಕಣ ಬರೆದು ಮುಗಿಸಿದ ಮೇಲೆ ಅಂಚೆಗೆ ಹಾಕುವ ಮೊದಲು ಅವಳಿಗೆ ಓದಿ ಹೇಳುವುದು ಎಂಟು ವರ್ಷದ ವಾಡಿಕೆ. ಅವಳಿಗೆ ಅಕ್ಷರ ಬಾರದು. ಆದರೆ ತಪ್ಪು ಎಲ್ಲಿದೆ ಎಂಬುದು ಕಿವಿಯಿಂದಲೇ ಗೊತ್ತಾಗುತ್ತದೆ. ಬುಧವಾರ ಮಧ್ಯಾಹ್ನ, ಬೆಳ್ಳುಳ್ಳಿ ಬಿಡಿಸುತ್ತ ಕೂತವಳ ಮುಂದೆ ನಿಂತು ಓದಿದೆ. ಸವಾರನು ತಲೆಗೆ ಶಿರಸ್ತ್ರಾಣ ಧರಿಸತಕ್ಕದ್ದು. ಸವಾರನು ಕಣ್ಣಿಗೆ ಧೂಳುಕನ್ನಡಕ ಹಾಕತಕ್ಕದ್ದು. ಸವಾರನು ಪಂಚೆಯನ್ನು ಮೊಣಕಾಲಿನ ಕೆಳಗೆ ಪಟ್ಟಿಯಿಂದ ಬಿಗಿಯತಕ್ಕದ್ದು. ಸವಾರನು ಇಳಿಜಾರಿನಲ್ಲಿ ಹೀಗೆ, ಮರಳಿನಲ್ಲಿ ಹೀಗೆ. ಮೂವತ್ತೆಂಟು ಸಾಲು. ಓದಿ ಮುಗಿಸಿ ಮೆಚ್ಚುಗೆಗಾಗಿ ಕಾದೆ.

"ಇದರಾಗೆ ನಾನೆಲ್ಲಿ ಇದೀನಿ?" ಎಂದಳು.

"ಸವಾರ ಅಂದ್ಮೇಲೆ ಎಲ್ಲಾ ಬಂತಲ್ಲ."

"ಹ್ಯಾಂಡಲ್ ಹಿಡಿದೋನು ಸವಾರ. ಹಿಂದೆ ಕೂತೋಳು ಯಾರು? ಸವಾರಿಯೋ, ಸಾಮಾನೋ?"

"ನಾನು ಮುಂದೆ ಇರ್ತೀನಿ. ಬಿದ್ದರೂ ನೀನು ನನ್ನ ಮೇಲೇ ಬೀಳ್ತೀಯ. ನಿನಗೇನಾಗ್ತದೆ?"

"ಓಹೋ! ಹಂಗಾದ್ರೆ ನೀವು ನನ್ನ ಹಾಸಿಗೆ. ಟೋಪಿ ಹಾಕ್ಕೊಂಡಿರೋ ಹಾಸಿಗೆ." ಬೆಳ್ಳುಳ್ಳಿ ಸಿಪ್ಪೆಯನ್ನು ಊದಿದಳು. ಅದು ಹಾರಿಬಂದು ನನ್ನ ಹಸ್ತಪ್ರತಿಯ ಮೇಲೆ ಕೂತಿತು. "ಮೂವತ್ತೆಂಟು ಸಾಲು ನಿಮಗೆ. ಒಂದು ಸಾಲು ನಮಗೆ ಬರೀರಿ. ನನ್ನಂಥೋರು ಎಷ್ಟು ಜನ ಹಿಂದೆ ಕೂತು ಓಡಾಡ್ತಾರೆ!"

ಅಂಚೆಯ ಟಪಾಲು ನಾಲ್ಕಕ್ಕೆ ಹೊರಡುತ್ತದೆ. ಆಗ ಮೂರೂವರೆ. ಅವಳ ಬಾಯಿ ಮುಚ್ಚಿಸಬೇಕೆಂಬ ಒಂದೇ ಉದ್ದೇಶದಿಂದ ನಿಂತ ನಿಲುವಿನಲ್ಲೇ ಪೆನ್ಸಿಲಿನಿಂದ ಅಂಚಿನಲ್ಲಿ ಗೀಚಿದೆ: ಹಿಂದೆ ಕೂರುವ ಸ್ತ್ರೀಯರು ಸೆರಗು, ಚಾದರ ಮುಂತಾದವು ಗಾಳಿಗೆ ಹಾರದಂತೆ ಕುತ್ತಿಗೆಯ ಹಿಂದೆ ಕಗ್ಗಂಟು ಹಾಕಿ ಬಿಗಿದುಕೊಳ್ಳತಕ್ಕದ್ದು.

ಟೋಪಿಗೆ ಐದು ಕಾಯಿ ಒಡೆದವನು ಈ ಸಾಲಿಗೆ ಒಂದು ನಿಮಿಷ ಕೊಡಲಿಲ್ಲ. ಇದನ್ನು ಮುಂದೆ ನೆನಪಿನಲ್ಲಿಟ್ಟುಕೊಳ್ಳಿ. ನಾನಂತೂ ಮರೆಯುವ ಹಾಗಿಲ್ಲ.

ಶುಕ್ರವಾರ ಪತ್ರಿಕೆ ಬಂತು. ಭಾನುವಾರ ನಾಲ್ಕೂ ಕಡೆಯ ಸವಾರರು ಸಾಸ್ವೆಹಳ್ಳಿಯ ಆಲದಕಟ್ಟೆಯ ಹತ್ತಿರ ಸೇರಬೇಕು, ನಾನು ಶಿರಸ್ತ್ರಾಣ ತೋರಿಸಿ ಮಾತಾಡುತ್ತೇನೆ ಎಂದು ಅಂಕಣದ ಕೊನೆಯಲ್ಲಿ ಪ್ರಕಟಿಸಿದ್ದೆ. ಬೆಳಿಗ್ಗೆ ಎಂಟಕ್ಕೆ ಹೊರಟೆವು. ನಾನು ಶಿರಸ್ತ್ರಾಣ ತೊಟ್ಟು, ಧೂಳುಕನ್ನಡಕ ಹಾಕಿ, ಪಾಯಿಜಾಮದ ಮೇಲೆ ತೊಗಲಿನ ಪಟ್ಟಿ ಕಟ್ಟಿ ನಿಂತರೆ ಬೀದಿಯ ಎಮ್ಮೆಯೊಂದು ತನ್ನ ನೆಂಟನನ್ನು ಕಂಡಂತೆ ನೋಡಿತು. ಮಜೀದಾ ತನ್ನ ಬಿಳಿ ಚಾದರ ಹೊದ್ದು ಹಿಂದೆ ಕೂತಳು.

"ಚಾದರ ಕಟ್ಟಿದೆಯಾ?"

"ಕಟ್ಟೀನಿ."

"ಲೇಖನದ ಪ್ರಕಾರ?"

"ಗಂಟು ಹಾಕೀನಿ, ನಡೀರಿ."

ದಾರಿಯಲ್ಲಿ ನನಗೆ ಪರಮಾನಂದ. ಕಿವಿಯ ರೆಕ್ಕೆ ಎಷ್ಟು ದಪ್ಪವೆಂದರೆ ಇಂಜಿನ್ನಿನ ಸದ್ದು ಪಕ್ಕದೂರಿನಿಂದ ಬಂದ ಹಾಗಿತ್ತು. ಮಜೀದಾ ದಾರಿಯುದ್ದಕ್ಕೂ ಏನೇನೋ ಹೇಳುತ್ತಿದ್ದಿರಬೇಕು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ನನ್ನ ಬೆನ್ನ ಹಿಂದೆ ಅಂಥ ಶಾಂತಿಯನ್ನು ನಾನು ಕಂಡಿರಲಿಲ್ಲ. ಈ ಟೋಪಿಗೆ ತಲೆ ಉಳಿಸುವುದಲ್ಲದೆ ಇನ್ನೊಂದು ಗುಣವೂ ಇದೆಯೆಂದು ಮುಂದಿನ ಅಂಕಣದಲ್ಲಿ ಸೂಚ್ಯವಾಗಿ ಬರೆಯಬೇಕು ಎಂದುಕೊಂಡೆ.

ಸಾಸ್ವೆಹಳ್ಳಿ ಒಂದು ಮೈಲಿ ಇರುವಾಗ ಹಳ್ಳದ ಮರಳು. ಅಲ್ಲಿ ಗಾಡಿ ಸ್ವಲ್ಪ ಜಗ್ಗಿದ, ಬೆನ್ನಿಗೆ ಏನೋ ಕುಕ್ಕಿದ ಹಾಗಾಯಿತು. ಮರಳಲ್ಲವೇ, ಜಗ್ಗುತ್ತದೆ ಎಂದು ಇನ್ನಷ್ಟು ತಿರುವಿದೆ. ಗಾಡಿ ಭಾರವಾಗಿ ಮುಕ್ಕರಿಯುತ್ತ ಏರಿ ಹತ್ತಿತು.

ಆಲದಕಟ್ಟೆಯ ಹತ್ತಿರ ಮೂವತ್ತು ನಲವತ್ತು ಜನ ಸೇರಿದ್ದರು. ಹೊನ್ನಾಳಿಯ ಬಟ್ಟೆ ಅಂಗಡಿ ಕೊಟ್ರಬಸಪ್ಪ ಹೆಂಡತಿ ಸಮೇತ ಹೊಳೆ ದಾಟಿ ಬಂದಿದ್ದ. ಮದುವೆಮನೆಗಳಿಗೆ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ನ್ಯಾಮತಿಯ ಜುಂಜಪ್ಪ ಬಂದಿದ್ದ. ಊರಿನ ಹೆಂಗಸರು ಒಂದು ಪಕ್ಕ. ಎಲ್ಲಿಗೆ ಹೋದರೂ ಗಾಡಿ ನಿಂತ ತಕ್ಷಣ ಮಜೀದಾ ಇಳಿದು ಹೆಂಗಸರ ಗುಂಪಿಗೆ ಹೋಗುವವಳು. ಅವತ್ತೂ ಹೋಗಿರುತ್ತಾಳೆಂದು ನಾನು ತಿರುಗಿ ನೋಡಲಿಲ್ಲ. ಗಾಡಿಯ ಮೇಲೆ ಕೂತೇ ಭಾಷಣ ಶುರುಮಾಡಿದೆ.

ಕೊಟ್ರಬಸಪ್ಪ ನಗುತ್ತ ಹತ್ತಿರ ಬಂದು ಏನೋ ಹೇಳಿದ. ಕೇಳಲಿಲ್ಲ. ಅವನು ತನ್ನ ಹೆಂಡತಿ ಶಂಕ್ರಮ್ಮನನ್ನು ಕರೆದು ಅವಳ ಬೆನ್ನು ನನ್ನ ಕಡೆ ತಿರುಗಿಸಿದ. ಸೆರಗನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿ, ಹಿಂದೆ ಕಲ್ಲಿನಂಥ ಗಂಟು. ಜೇಬಿನಿಂದ ಪತ್ರಿಕೆ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟು ಹೆಮ್ಮೆಯಿಂದ ತೋರಿಸಿದ. ನಾನು ಗಂಭೀರವಾಗಿ ತಲೆದೂಗಿ, "ಭೇಷ್! ಇದೇ ಶಿಸ್ತು!" ಎಂದು ಕಿರುಚಿದೆ. ಕಿವಿ ಮುಚ್ಚಿದವನಿಗೆ ತನ್ನ ದನಿಯ ಅಳತೆ ತಿಳಿಯುವುದಿಲ್ಲ.

ಬೈಲಪ್ಪನ ಕಥೆ ಹೇಳಿದೆ. ಕೆಂಪಕ್ಕನ ಮಾತೂ ಹೇಳಿದೆ. ಆಮೇಲೆ ಜನರೆಲ್ಲ ಒಟ್ಟಿಗೆ ಕೈಬೀಸಿ ಕೂಗಲು ಶುರುಮಾಡಿದರು. ಮೆಚ್ಚಿದ್ದಾರೆ ಎಂದುಕೊಂಡೆ. "ಚಪ್ಪಾಳೆ ಬೇಡ! ಬದಲಾವಣೆ ಬೇಕು! ನನ್ನ ಮನೆಯೋಳನ್ನೇ ಕೇಳಿ ನೋಡಿ!" ಎಂದು ಹೆಂಗಸರ ಕಡೆ ಕೈಚಾಚಿದೆ.

ಅಲ್ಲಿ ಬಿಳಿ ಚಾದರ ಇರಲಿಲ್ಲ.

ಜುಂಜಪ್ಪ ಓಡಿ ಬಂದು ನನ್ನ ಭುಜ ಹಿಡಿದು ಹಿಂದಿನ ಚಕ್ರದ ಕಡೆ ತಿರುಗಿಸಿದ. ಚಾದರ ಅಲ್ಲಿತ್ತು. ಚಕ್ರದ ನಡುವಿನ ಗುಂಬದ ಸುತ್ತ, ಚೈನಿನ ಒಳಗೆ, ಸುತ್ತಿ ಸುತ್ತಿ ಹಗ್ಗವಾಗಿ, ಗ್ರೀಸು ಹತ್ತಿ ಕಪ್ಪಾಗಿತ್ತು. ಅದರೊಳಗಿದ್ದವಳು ಇರಲಿಲ್ಲ.

ಮರಳಿನಲ್ಲಿ ಗಾಡಿ ಜಗ್ಗಿದ್ದು ನೆನಪಾಯಿತು. ನಾನು ಇನ್ನಷ್ಟು ತಿರುವಿದ್ದು ನೆನಪಾಯಿತು. ಕುತ್ತಿಗೆಯ ಹಿಂದೆ, ಕಗ್ಗಂಟು ಹಾಕಿ, ಬಿಗಿದುಕೊಳ್ಳತಕ್ಕದ್ದು. ಕೋರ್ಟಿನ ಗೋಡೆಯಿಂದ ಕಲಿತ ಆ 'ತಕ್ಕದ್ದು' ನನ್ನ ತಲೆಯಲ್ಲಿ ಒನಕೆಯ ಹಾಗೆ ಬಿತ್ತು. ಟೋಪಿ ಅದನ್ನು ತಡೆಯಲಿಲ್ಲ.

ಓಡಿದೆ. ಚಕ್ರ ತಿರುಗದ ಗಾಡಿಯನ್ನು ಅಲ್ಲೇ ಕೆಡವಿ, ಬಂದ ದಾರಿಯಲ್ಲೇ ಓಡಿದೆ. ಟೋಪಿ ಬಿಚ್ಚಲು ನೋಡಿದರೆ ನಾನೇ ಮಾಡಿದ ಬಕಲು ನನ್ನ ಕೈಗೇ ಬಗ್ಗಲಿಲ್ಲ. ಧೂಳುಕನ್ನಡಕದ ಒಳಗೆ ನೀರು ತುಂಬಿ ರಸ್ತೆ ಕೆರೆಯಾಯಿತು. ಯಾವ ಸಾಲೂ ನೆನಪಾಗಲಿಲ್ಲ. ಯಾ ಅಲ್ಲಾ, ಅವಳು ಬೆಳ್ಳುಳ್ಳಿ ಸಿಪ್ಪೆ ಊದಿದ್ದೊಂದೇ ನೆನಪು.

ಅರ್ಧ ಮೈಲಿ ಹೋಗಿರಬೇಕು. ಎದುರಿಗೆ ಒಂದು ಎತ್ತಿನಗಾಡಿ. ಮೂಕಿಯ ಹತ್ತಿರ ಕೂತು ಎತ್ತು ಹೊಡೆಯುತ್ತಿದ್ದವಳು ಗಾದ್ರಮ್ಮ ಎಂಬ ಮುದುಕಿ (ಹೆಸರು ಆಮೇಲೆ ತಿಳಿಯಿತು). ಹಿಂದೆ ಹುಲ್ಲಿನ ಮೇಲೆ, ಗಾದ್ರಮ್ಮನ ಕಂಬಳಿಯನ್ನು ತಲೆತುಂಬ ಹೊದ್ದು, ಮೊಣಕೈಗೆ ಅರಿಶಿನ ಮೆತ್ತಿಕೊಂಡು, ಮಜೀದಾ.

ನಾನು ಗಾಡಿಯ ಅಡ್ಡಪಟ್ಟಿ ಹಿಡಿದುಕೊಂಡೆ. "ಕುತ್ತಿಗೆ! ಮಜೀದಾ, ಕುತ್ತಿಗೆ!" ಎಂದು ಅರಚಿದೆ. ಎತ್ತುಗಳು ಬೆಚ್ಚಿದವು. ಅವಳ ಬಾಯಿ ಆಡುತ್ತಿತ್ತು. ಒಂದಕ್ಷರವೂ ಕೇಳಲಿಲ್ಲ. ಎರಡು ಸಲ ಹೇಳಿ ನೋಡಿದಳು. ಆಮೇಲೆ ಗಾದ್ರಮ್ಮನ ಕೈಯಿಂದ ಬಾರುಕೋಲು ಇಸಿದುಕೊಂಡು, ತಿರುಗಿಸಿ ಹಿಡಿದು, ಅದರ ಹಿಡಿಕೆಯಿಂದ ನನ್ನ ನಡುನೆತ್ತಿಗೆ ಒಂದು ಕೊಟ್ಟಳು.

ಅದು ಕೇಳಿಸಿತು.

"ಗಟ್ಟಿ ಐತೆ," ಎಂದಳು ಗಾದ್ರಮ್ಮನ ಕಡೆ ತಿರುಗಿ. "ಕಾಯಿ ಸುಳ್ಳು ಹೇಳಿಲ್ಲ." ಆಮೇಲೆ ಟೋಪಿಯ ರೆಕ್ಕೆ ಎತ್ತಿ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು. "ನಿಲ್ಸಿರಿ ನಿಲ್ಸಿರಿ ಅಂತ ಎಷ್ಟು ಬಡ್ಕೊಂಡೆ! ಬೆನ್ನಿಗೆ ಗುದ್ದಿದೆ! ಬಟ್ಟೆ ಹಿಡಿದು ಎಳೆದೆ! ಗುಂಡುಕಲ್ಲಿನಂಗೆ ಕೂತಿದ್ರಿ!"

"ಚಾದರ... ಗಂಟು..."

"ಬಿಚ್ಚುಗಂಟು ಹಾಕಿದ್ದೆ. ತುದಿ ಕೈಯಾಗೇ ಹಿಡ್ಕೊಂಡಿದ್ದೆ. ಚಕ್ರ ಎಳೀತು, ನಾನು ತುದಿ ಎಳೆದೆ. ಚಾದರ ಅದಕ್ಕೆ, ನಾನು ಮರಳಿಗೆ."

ಬಿಚ್ಚುಗಂಟು ಎಂದರೇನೆಂದು ಹೇಳಬೇಕು. ಜಟಕಾ ಕುದುರೆ ಎಡವಿ ಬಿತ್ತೆಂದರೆ ಗಾಡಿಯ ಭಾರವೆಲ್ಲ ಅದರ ಕುತ್ತಿಗೆಗೆ ಬರುತ್ತದೆ. ಆಗ ಬಕಲು ಹುಡುಕುತ್ತ ಕೂತರೆ ಪ್ರಾಣಿ ಸತ್ತುಹೋಗುತ್ತದೆ. ಆದ್ದರಿಂದ ಕೊರಳಪಟ್ಟಿಯ ಕೊನೆಗೆ, ಒಂದು ತುದಿ ಎಳೆದರೆ ಇಡೀ ಪಟ್ಟಿ ಕಳಚಿ ಬೀಳುವ ಗಂಟು ಹಾಕುತ್ತೇವೆ. ನಮ್ಮ ಕಸುಬಿನ ಮೊದಲ ಪಾಠ ಅದು. ನಮ್ಮಪ್ಪ ಸುಬಾನಸಾಬರು ನನಗೆ ಬೇರೆ ಏನನ್ನೇ ಕಲಿಸುವ ಮೊದಲು ಅದನ್ನು ಕಲಿಸಿದರು. ಮಜೀದಾಳಿಗೆ ಕಲಿಸಿದವನು ನಾನು. ನನ್ನ ಅಂಗಡಿಯಿಂದ ಹೋಗುವ ಕೊರಳಪಟ್ಟಿಗಳ ಗಂಟು ಹದಿನೈದು ವರ್ಷದಿಂದ ಅವಳ ಕೈಯದೇ.

"ಲೇಖನದಲ್ಲಿ ಕಗ್ಗಂಟು ಅಂತ ಇತ್ತಲ್ಲ," ಎಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಅಂಕಣಕಾರನ ಚಾಳಿ.

ಈ ಸಲ ಅವಳು ಕೂಗಲಿಲ್ಲ. ರೆಕ್ಕೆಯನ್ನು ಇನ್ನೂ ಎತ್ತಿ ಹಿಡಿದಿದ್ದರಿಂದ ಕೇಳಿಸಿತು.

"ಕುದುರೆಗೆ ಹಾಕದ ಗಂಟು, ರೀ. ನನಗೆ ಹಾಕಿದ್ರಾ?"

ನನ್ನ ಎಂಟು ವರ್ಷದ ಅಂಕಣಗಳಲ್ಲಿ ಇಷ್ಟು ಸಣ್ಣ, ಇಷ್ಟು ತೂಕದ ಲೇಖನ ಬಂದಿಲ್ಲ. ನಾನು ಹುಲ್ಲಿನ ಮೇಲೆ ಹತ್ತಿ ಕೂತೆ. ಆಗಲೇ ಶಂಕ್ರಮ್ಮನ ಕುತ್ತಿಗೆ ನೆನಪಾಗಿದ್ದು. ಭೇಷ್ ಎಂದು ಬಂದಿದ್ದೆನಲ್ಲ! ಅವರು ಹೊರಟುಬಿಟ್ಟಿದ್ದರೆ?

"ಗಾದ್ರಮ್ಮ, ಹೊಡಿಯವ್ವ, ಜೋರಾಗಿ ಹೊಡಿ!"

"ಎತ್ತು ಅದಾವಪ್ಪ, ಮೋಟಾರಲ್ಲ," ಎಂದಳು ಮುದುಕಿ. ಆದರೆ ಹೊಡೆದಳು.

ಕೊಟ್ರಬಸಪ್ಪ ನನ್ನನ್ನು ಹುಡುಕಿಕೊಂಡು ಬರಲೆಂದು ಗಾಡಿ ಚಾಲೂ ಮಾಡಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು, ಇನ್ನೇನು ಹೊರಡುವುದರಲ್ಲಿದ್ದ. ಮಜೀದಾ ಎತ್ತಿನಗಾಡಿ ನಿಲ್ಲುವ ಮೊದಲೇ ಧುಮುಕಿ ಹೋಗಿ ಅವನ ಹ್ಯಾಂಡಲ್ ಹಿಡಿದಳು. "ಇಳೀರಿ ಅಕ್ಕ, ಇಳೀರಿ!" ಎಂದು ಶಂಕ್ರಮ್ಮನನ್ನು ಇಳಿಸಿ, ಆ ಗಂಟಿಗೆ ಉಗುರು ಹಾಕಿದಳು. ಬಿಚ್ಚಲಿಲ್ಲ. ಹಲ್ಲು ಹಾಕಿದಳು. ಬಿಚ್ಚಲಿಲ್ಲ. ನನ್ನ ಸೊಂಟದಲ್ಲಿದ್ದ ತೊಗಲು ಕೊಯ್ಯುವ ಕತ್ತಿ ಇಸಿದುಕೊಂಡು, ಕುತ್ತಿಗೆ ಮತ್ತು ಸೆರಗಿನ ನಡುವೆ ತನ್ನ ಎರಡು ಬೆರಳು ತೂರಿಸಿ, ಹೊಸ ಇಳಕಲ್ ಸೀರೆಯ ಸೆರಗನ್ನು ಕೊಯ್ದುಹಾಕಿದಳು.

"ಅಯ್ಯೋ, ಸೀರೆ!" ಎಂದಳು ಶಂಕ್ರಮ್ಮ.

"ಸೀರೆ ಅಂಗಡಿ ನಿಮ್ಮದೇ ಐತೆ. ಕುತ್ತಿಗೆ ಅಂಗಡಿ ಎಲ್ಲೈತೆ?" ಎಂದು, ಅದೇ ಕತ್ತಿ ಹಿಡಿದು ನನ್ನ ಕಡೆ ಬಂದಳು. ಜನ ದಾರಿ ಬಿಟ್ಟರು. ನನ್ನ ಗದ್ದದ ಪಟ್ಟಿಯನ್ನೂ ಕೊಯ್ದು ಟೋಪಿ ಕಿತ್ತಳು. ಲೋಕದ ಸದ್ದೆಲ್ಲ ಒಮ್ಮೆಲೇ ಕಿವಿಗೆ ನುಗ್ಗಿತು. ಮೊದಲು ಕೇಳಿದ್ದು ಜುಂಜಪ್ಪನ ಮಾತು. "ಹೋಗ್ಲಿ ಬಿಡ್ರಿ ಸಾಬ್ರೆ, ಭಾಷಣ ಚೆನ್ನಾಗಿತ್ತು."

ಆ ಮಧ್ಯಾಹ್ನ ಆಲದಕಟ್ಟೆಯ ಮೇಲೆ ನಿಂತು ಬಿಚ್ಚುಗಂಟು ಹೇಳಿಕೊಟ್ಟವಳು ಅವಳು. ಎತ್ತಿನ ಹಗ್ಗದ ತುಂಡೊಂದನ್ನು ಹಿಡಿದು, ಕಂಬಳಿಯೊಳಗಿಂದಲೇ, ಹೆಂಗಸರಿಗೆ ಐದು ಸಲ, ಗಂಡಸರಿಗೆ ಹತ್ತು ಸಲ. ಚಕ್ರದ ಪಕ್ಕಕ್ಕೆ ಜಟಕಾ ಗಾಡಿಗೆ ಹಾಕುವಂಥ ತೊಗಲಿನ ತೆರೆ ಹಾಕಿದರೆ ಬಟ್ಟೆ ಒಳಗೆ ಹೋಗುವುದೇ ಇಲ್ಲ ಎಂದಳು. ಟೋಪಿಯ ಕಿವಿಯಲ್ಲಿ ತೂತು ಇರಬೇಕು, ಪಟ್ಟಿಗೂ ಬಿಚ್ಚುಗಂಟೇ ಇರಬೇಕು, ಹಿಂದೆ ಕೂತವಳಿಗೂ ಟೋಪಿ ಇರಬೇಕು ಎಂದಳು. ನಾನು ಪಕ್ಕದಲ್ಲಿ ಕೂತು ಚಕ್ರದಿಂದ ಚಾದರ ಬಿಡಿಸುತ್ತಿದ್ದೆ. ಬಿಡಿಸಿ ಮುಗಿಸುವುದಕ್ಕೆ ಸಂಜೆಯಾಯಿತು.

ಮನೆಗೆ ಬಂದವನೇ ತಿದ್ದುಪಡಿ ಬರೆಯಲು ಕೂತೆ. ಕಳೆದ ವಾರದ ಅಂಕಣದಲ್ಲಿ 'ಕಗ್ಗಂಟು' ಎಂದಿರುವಲ್ಲಿ 'ಬಿಚ್ಚುಗಂಟು' ಎಂದು ಓದಿಕೊಳ್ಳತಕ್ಕದ್ದು. 'ಸವಾರನು' ಎಂದಿರುವ ಕಡೆಯಲ್ಲೆಲ್ಲ 'ಸವಾರರಿಬ್ಬರೂ' ಎಂದು ಓದಿಕೊಳ್ಳತಕ್ಕದ್ದು. ಈ ತಪ್ಪು ಮುದ್ರಣಾಲಯದ್ದಲ್ಲ, ಲೇಖಕನದು. ವಾಡಿಕೆಯಂತೆ ಓದಿ ಹೇಳಿದೆ. ಮೊಣಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೇಳಿದವಳು, "ಇದರಾಗೆ ನಾನೆಲ್ಲಿ ಇದೀನಿ?" ಎನ್ನಬಹುದೆಂದು ಕಾದೆ. ಅನ್ನಲಿಲ್ಲ. ಅನ್ನದಿದ್ದಾಗ ನನಗೆ ಇನ್ನೂ ನಾಚಿಕೆಯಾಗಿ, ಕೊನೆಯಲ್ಲಿ ಅವಳ ಹೆಸರು ಬರೆದೆ.

ಸಂಪಾದಕರು ಅದನ್ನು ಲೇಖಕಿಯ ಹೆಸರೆಂದು ತಿಳಿದು ಅಂಕಣದ ಮೇಲೆ ದಪ್ಪಕ್ಷರದಲ್ಲಿ ಹಾಕಿದರು. ಆ ವಾರ 'ಲಗಾಮು' ಬರೆದವರು ಮಜೀದಾ ಬೇಗಂ. ಎಂಟು ವರ್ಷದಲ್ಲಿ ನನಗೆ ಬಂದ ಓದುಗರ ಕಾಗದ ಮೂರು. (ಮೂರರಲ್ಲಿ ಎರಡು ಬೈಗುಳ.) ಅವಳಿಗೆ ಒಂದೇ ವಾರದಲ್ಲಿ ಒಂಬತ್ತು. ಒಂದನ್ನು ಕೆಂಪಕ್ಕ ಯಾರ ಕೈಯಲ್ಲೋ ಬರೆಸಿದ್ದಳು. ಬೈಲಪ್ಪನಿಗೆ ಮೊನ್ನೆ ಹೆಂಡತಿಯ ಹೆಸರು ನೆನಪಾಯಿತಂತೆ. ಮತ್ತೆ ಗಾಡಿ ಹತ್ತಿದರೆ ಇಬ್ಬರಿಗೂ ಸೇರಿ ಎರಡು ಟೋಪಿ ಬೇಕಂತೆ. ಒಂಬತ್ತನ್ನೂ ಮಜೀದಾಳಿಗೆ ಓದಿ ಹೇಳುವ ಕೆಲಸ ನನ್ನದು.

ಈಗ ನಾವು ಗಾಡಿ ಹತ್ತಿದರೆ ಇಬ್ಬರ ತಲೆಯ ಮೇಲೂ ಗಡಿಗೆ. ಕಿವಿಯಲ್ಲಿ ತೂತು ಮಾಡಿದ್ದರೂ ಅವಳಿಗೆ ನನ್ನ ಕಿವಿಯ ಮೇಲೆ ನಂಬಿಕೆಯಿಲ್ಲ. ಆದ್ದರಿಂದ ಒಂದು ಉದ್ದನೆಯ ತೊಗಲಿನ ಪಟ್ಟಿ ಹೊಲಿದಿದ್ದಾಳೆ. ಒಂದು ತುದಿ ನನ್ನ ಎಡತೋಳಿಗೆ, ಇನ್ನೊಂದು ಅವಳ ಕೈಗೆ. ಒಂದು ಸಲ ಎಳೆದರೆ ನಿಧಾನ, ಎರಡು ಸಲ ಎಳೆದರೆ ನಿಲ್ಲಿಸಬೇಕು. ಪೇಟೆಯ ಜಟಕಾದವರು "ಲಗಾಮು ಬಂತು, ದಾರಿ ಬಿಡ್ರೋ" ಎಂದು ಕೂಗುತ್ತಾರೆ. ಅವಳ ಕೈಯ ಕಡೆ ಇರುವುದು ಬಿಚ್ಚುಗಂಟು. ತೋಳಿನ ಕಡೆ ಇರುವುದನ್ನು ಮೊದಲ ದಿನವೇ ಎಳೆದು ನೋಡಿದೆ. ಕಗ್ಗಂಟು.